ಗಾಜಿನಾಚೆಯ ಚಳಿ

ಮೂರನೆಯ ಸಲ ಸೆಲ್ಫ್ ಹೊಡೆದರೂ ಲಾರಿ ಎದ್ದೇಳಲಿಲ್ಲ. ಗೊರಕೆಯಂಥ ಸದ್ದು ಹೊರಡಿಸಿ, ಬಿಳಿ ಹೊಗೆಯ ಒಂದು ಎಳೆ ಬಿಟ್ಟು ಸುಮ್ಮನಾಯಿತು. ದಪ್ಪ ಗಾಜಿನ ಈಚೆ ಮೈಕಿನ ಮುಂದೆ ಕೂತಿದ್ದ ಭಾಮಾ ಮುಖದಲ್ಲಿ ಏನನ್ನೂ ತೋರಿಸಲಿಲ್ಲ.

ಹೊರಗೆ ಪುಣೆ ಬಳಿಯ ಚಾಕಣದ ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಗಾಜಿನಾಚೆಯ ಕೋಣೆಯಲ್ಲಿ ಮಾತ್ರ ಮೈನಸ್ ಇಪ್ಪತ್ತು ಡಿಗ್ರಿ. ಹಿಮ ಬೀಳುವ ಊರುಗಳಿಗೆ ಹೋಗುವ ಲಾರಿಯನ್ನು ರಾತ್ರಿಯಿಡೀ ಅಲ್ಲಿ ಕೊರೆಸಿ, ಬೆಳಿಗ್ಗೆ ಸ್ಟಾರ್ಟ್ ಮಾಡಿ ತೋರಿಸುವುದು ಅವರ ವಿಭಾಗದ ಕೆಲಸ. ಇವತ್ತು ಕೊಳ್ಳುವವರೇ ದೆಹಲಿಯಿಂದ ಬಂದು ಹಿಂದಿನ ಕುರ್ಚಿಗಳಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿ ಕಾರ್ಖಾನೆಯ ಮುಖ್ಯಸ್ಥರು, ಮೈಸೂರಿನ ಶ್ರೀಕಂಠಯ್ಯ. ವಿಭಾಗದ ಯಜಮಾನ ವಿಕ್ರಮ, ಬೆಳಗಾವಿಯವನು, ತಾನೇ ಚಾಲಕನ ಸೀಟಿಗೆ ಹತ್ತಿದ್ದ. ಗಾಡಿ ತನ್ನ ಮಗನ ಹಾಗಲ್ಲ, ಒಂದೇ ಸಲ ಕರೆದರೆ ಏಳುತ್ತದೆ ಎಂದು ಹಿಂದಿಯಲ್ಲಿ ಹೇಳಿ ಅತಿಥಿಗಳನ್ನು ನಗಿಸಿಯೇ ಒಳಗೆ ಹೋಗಿದ್ದ.

ಭಾಮಾಳಿಗೆ ಕಾರಣ ಗೊತ್ತಿತ್ತು. ಚಳಿನಾಡಿನ ಡೀಸೆಲ್ಲಿನ ಡ್ರಮ್ಮು ಬರಲು ತಡವಾದಾಗ, ಒಂದು ಸಲಕ್ಕೆ ಏನಾಗುತ್ತದೆ ಎಂದು ವಿಕ್ರಮ ಹೆದ್ದಾರಿಯ ಬಂಕಿನದನ್ನೇ ತುಂಬಿಸಿದ್ದ. ಸ್ವೆಟರಿಗಿಂತ ಮುಂದಿನ ಚಳಿ ಕಾಣದ ಈ ಕಡೆಯವರು ಮಾಡುವ ತಪ್ಪು ಅದು. ಈ ಥಂಡಿಯಲ್ಲಿ ಆ ಡೀಸೆಲ್ಲು ಕೊಬ್ಬರಿ ಎಣ್ಣೆಯ ಹಾಗೆ ಗಟ್ಟಿಯಾಗಿ ಫಿಲ್ಟರಿಗೆ ಮೆತ್ತಿಕೊಳ್ಳುತ್ತದೆ. ಟ್ಯಾಂಕು ತುಂಬುವಾಗ ಅವಳು ಅಲ್ಲೇ ನಿಂತಿದ್ದಳು. ಒಂದು ಮಾತು ಸಾಕಿತ್ತು. ಆಡಲಿಲ್ಲ.

ಹೋದ ವರ್ಷ ಇದೇ ಕೋಣೆಯಲ್ಲಿ ಅವಳ ಅಣ್ಣ ಮಹಾಲಿಂಗನ ಎರಡು ಬೆರಳುಗಳ ತುದಿಗಳು ಚಳಿಗೆ ಸತ್ತುಹೋದವು. ಗ್ಲೌಸ್ ಹಾಕಿಕೊಂಡರೆ ಫಿಲ್ಟರಿನ ಅಡಿಯ ಸ್ಕ್ರೂ ಹಿಡಿಯಲು ಬರುವುದಿಲ್ಲ, ವಿಕ್ರಮ ಸರ್ ಹೇಳಿದ್ದಕ್ಕೇ ತೆಗೆದೆ ಎಂದು ವಿಚಾರಣೆಯಲ್ಲಿ ಅವನು ಹೇಳಿದ. ಗ್ಲೌಸ್ ಹಾಕಿಕೊಂಡೇ ಸಲೀಸಾಗಿ ಬರುತ್ತದೆ, ಇದು ಇವನ ಹುಂಬತನ ಎಂದ ವಿಕ್ರಮ. ಶ್ರೀಕಂಠಯ್ಯ ವಿಕ್ರಮನನ್ನು ನಂಬಿದರು. ಮಹಾಲಿಂಗನ ನೌಕರಿ ಹೋಯಿತು. ಅಂಗಿಯ ಗುಂಡಿ ಹಾಕಲು ಈಗ ಅವನಿಗೆ ಹೆಂಡತಿ ಬೇಕು. ಹಾಕಿಸಿಕೊಳ್ಳುವಾಗ ಅವನು ಗೋಡೆ ನೋಡುತ್ತಾನೆ.

ವಿಕ್ರಮ ಲಾರಿಯಿಂದಿಳಿದು, ಅಡಿಯ ಸ್ಕ್ರೂ ಬಿಚ್ಚಲು ಫಿಲ್ಟರಿನ ಬಳಿ ಕುಕ್ಕರಿಸಿದ. ದಪ್ಪ ಗ್ಲೌಸು ಸ್ಕ್ರೂವಿನ ಮೇಲೆ ಜಾರಿತು, ಮತ್ತೆ ಜಾರಿತು. ಅವನೊಮ್ಮೆ ಅತಿಥಿಗಳ ಕಡೆ ನೋಡಿದ. ಆಮೇಲೆ ಗ್ಲೌಸನ್ನು ಹಲ್ಲಿನಿಂದ ಕಚ್ಚಿ ಎಳೆದು ತೆಗೆದ.

ಒಳಗಿದ್ದವರನ್ನು ಹೊರಗಿದ್ದವರು ಆಗಾಗ ಹೆಸರು ಹಿಡಿದು ಕರೆಯಬೇಕು, ಅವರು ಓಗೊಡಬೇಕು. ಆ ಚಳಿ ಬುದ್ಧಿಗೂ ಜೋಮು ಹಿಡಿಸುತ್ತದೆ ಎಂದೇ ಆ ಪದ್ಧತಿ. ಭಾಮಾಳ ಹೆಬ್ಬೆರಳು ಮೈಕಿನ ಸ್ವಿಚ್ಚಿನ ಮೇಲಿತ್ತು. ಇನ್ನೂ ಸ್ವಲ್ಪ, ಎಂದುಕೊಂಡಳು. ಅವನ ಕೈ ಕಬ್ಬಿಣಕ್ಕೆ ತಾಗಿ ಬೆಚ್ಚಿತು, ಮತ್ತೆ ಹೋಗಿ ಹಿಡಿಯಿತು. ಅವಳು ಈಚೆಯ ಸ್ಪೀಕರಿನ ಸದ್ದನ್ನು ಪೂರ್ತಿ ಏರಿಸಿ ಸ್ವಿಚ್ಚು ಒತ್ತಿದಳು.

"ವಿಕ್ರಮ ಸರ್, ಗ್ಲೌಸ್ ಯಾಕ ತಗದ್ರಿ?"

"ಮತ್ತೇನ ಮಾಡ್ಲಿ? ಗ್ಲೌಸ್ ಹಾಕ್ಕೊಂಡ್ರ ಈ ಸ್ಕ್ರೂ ಹಿಡೀಲಿಕ್ಕೆ ಬರೂದಿಲ್ಲ."

"ಕೇಳಿಸಲಿಲ್ರಿ. ಇನ್ನೊಮ್ಮೆ ಹೇಳ್ರಿ."

"ಬರೂದಿಲ್ಲ ಭಾಮಾ." ಹಲ್ಲು ಕಟಕಟಿಸುವುದೂ ಈಚೆ ಕೂತವರಿಗೆಲ್ಲ ಕೇಳುತ್ತಿತ್ತು. "ಯಾರಿಗೂ ಬರೂದಿಲ್ಲ."

ಕನ್ನಡ ಬಾರದ ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಶ್ರೀಕಂಠಯ್ಯ ಕುರ್ಚಿಯಿಂದ ಎದ್ದು ಅವಳ ಹಿಂದೆ ಬಂದು ನಿಂತರು. ಗಾಜಿನಾಚೆ ವಿಕ್ರಮನ ಬರಿಗೈಯನ್ನು ನೋಡಿದರು.

"ಅವರನ್ನ ಈಚೆ ಕರೀರಮ್ಮ," ಎಂದರು.

"ಕರೀತೀನ್ರಿ ಸರ್."

ಕರೆಯುವ ಮೊದಲು ಭಾಮಾ ಮೈಕಿನ ತಂತಿಯ ಸಿಕ್ಕು ಬಿಡಿಸಿದಳು. ತಂತಿಯಲ್ಲಿ ಸಿಕ್ಕೇನೂ ಇರಲಿಲ್ಲ.

ವಿಕ್ರಮ ಹೊರಗೆ ಬಂದು, ಕೈಗಳು ತನ್ನವಲ್ಲವೆಂಬಂತೆ ಮೈಯಿಂದ ದೂರ ಹಿಡಿದು ಕೂತ. ಡಾಕ್ಟರಿಗೆ ಯಾರೋ ಫೋನು ಮಾಡಿದರು. ಅತಿಥಿಗಳಿಗೆಂದು ಚಹಾ ಬಂತು. ಭಾಮಾ ಅಂಚಿನವರೆಗೆ ತುಂಬಿದ ಒಂದು ಗ್ಲಾಸನ್ನು ತಂದು ಅವನ ಮುಂದಿಟ್ಟಳು. ಅವನು ಅದನ್ನೇ ನೋಡುತ್ತಿದ್ದ. ಆವಿ ತೆಳುವಾಗುತ್ತ ಹೋಗಿ ನಿಂತಿತು. ಚಹಾದ ಮೇಲೆ ನಿಧಾನವಾಗಿ ಕೆನೆ ಕಟ್ಟತೊಡಗಿತು.