ಲಂಗದ ಮಡಿಕೆ

ಬೆಂಚಿನ ಮೇಲೆ ಕೂತು ಕಾಲಾಡಿಸುತ್ತಿದ್ದ ಹುಡುಗಿಯ ಲಂಗದ ಅಂಚಿನಲ್ಲಿ ಆ ಪಟ್ಟಿ ಮತ್ತೆ ಕಣ್ಣಿಗೆ ಬಿತ್ತು, ಮೇಲೆಲ್ಲ ಒಗೆದೊಗೆದು ಮಾಸಿದ ನೀಲಿ, ಕೆಳಗೆ ನಾಲ್ಕು ಬೆರಳಿನಷ್ಟು ಮಾತ್ರ ಕಡುನೀಲಿ, ನಿನ್ನೆ ತಾನೇ ಅಂಗಡಿಯಿಂದ ಹರಿಸಿ ತಂದ ಬಟ್ಟೆಯ ಹಾಗೆ — ಸಾಗರದ ಆಸ್ಪತ್ರೆಗೆ ಹೋಗೋದಕ್ಕೆ ಯೂನಿಫಾರಂ ಯಾಕೆ ಮಾರಾಯ್ತಿ ಅಂದರೆ ಭವ್ಯಾ ಕೇಳಬೇಕಲ್ಲ, ಮಧ್ಯಾಹ್ನ ಶಾಲೆಗೆ ಹೋಗ್ಲೇಬೇಕು ಚಿಕ್ಕಿ, ಕಬಡ್ಡಿಗೆ ನನ್ನ ಸೇರಿಸ್ಕೊಂಡಿದಾರೆ, ಅಂತ ಒಂದೇ ಹಟ, ಇಲ್ಲಿಂದ ಹೊಸನಗರಕ್ಕೆ ಒಂದು ಬಸ್ಸು, ಅಲ್ಲಿಂದ ಹುಲಿಕಲ್ ಕಡೆಗೆ ಇನ್ನೊಂದು, ಅಷ್ಟರಲ್ಲಿ ಶಾಲೆ ಬಿಟ್ಟು ಮೇಷ್ಟರು ಮನೆಗೆ ಹೋಗಿ ಕಾಫಿ ಕುಡಿದಿರುತ್ತಾರೆ ಅನ್ನುವುದನ್ನು ಸರೋಜ ಹೇಳಲಿಲ್ಲ, ಹೇಳುವ ಮನಸ್ಸಾಗಲಿಲ್ಲ, ಕಬಡ್ಡಿಯಂತೆ, ಅಕ್ಕಾ ಕೇಳಿದೆಯಾ, ನಿನ್ನ ಮಗಳಿಗೆ ಕಬಡ್ಡಿಯಂತೆ. ಕೇಳುವುದಕ್ಕೆ ಅಕ್ಕ ಎಲ್ಲಿದ್ದಾಳೆ, ಮೊದಲು ಭಾವ ಹೋದ, ಹಿಂದೆಯೇ ಅಕ್ಕ, ಅಕ್ಕನಿಂದ ಮಗುವಿಗೂ ಎಚ್‌ಐವಿ ಬಂದಿದೆ ಅಂತ ಗೊತ್ತಾದ ಮೇಲೆ ನೆಂಟರೆಲ್ಲ ಒಬ್ಬೊಬ್ಬರಾಗಿ ಕೆಲಸದ ನೆಪ ಹೇಳಿ ಜಾರಿಕೊಂಡರು, ಸರೋಜ ಎತ್ತಿ ಸೊಂಟಕ್ಕೆ ಹಾಕಿಕೊಂಡು ಬಂದಳು, ಎಷ್ಟು ಹಗುರ ಇತ್ತು ಆಗ, ಖಾಲಿ ಕೊಡ ಎತ್ತಿದ ಹಾಗೆ, ಎತ್ತಿದ ಕೈಗೇ ಭಯವಾಗುತ್ತಿತ್ತು. ಶಾಲೆಗೆ ಸೇರಿಸುವ ವರ್ಷ ಟೈಲರ್ ಮಾಸ್ತಪ್ಪ ಟೇಪು ಕೊರಳಿಗೆ ಹಾಕಿಕೊಂಡು ಕೇಳಿದ, ಬೆಳೆಯೋ ಮಗು, ಒಳಗೆ ನಾಲ್ಕು ಬೆರಳು ಮಡಿಸಿ ಬಿಡ್ತೀನಲ್ಲ ಅಕ್ಕಾ — ಬೇಡ, ಅಳತೆಗೆ ಸರಿಯಾಗಿ ಹೊಲಿ ಸಾಕು — ಅವನು ಮುಖ ನೋಡಿದ, ಎಲ್ಲ ತಾಯಂದಿರೂ ಇನ್ನೊಂದು ಬೆರಳು ಜಾಸ್ತಿ ಬಿಡು ಅಂತ ಜಗಳ ಕಾಯುವವರು, ಈ ವರ್ಷ ದಾಟಿದರೆ ಸಾಕು ಅಂದುಕೊಂಡವಳು ಮುಂದಿನ ವರ್ಷದ ಬಟ್ಟೆಯನ್ನು ಯಾವ ಧೈರ್ಯದ ಮೇಲೆ ಮಡಿಸಿಡಬೇಕು, ಅವನಿಗೆ ಹೇಗೆ ಹೇಳುವುದು. ಮನೆಗೆ ತಂದು ಲಂಗ ಮಗುಚಿ ನೋಡಿದರೆ ಒಳಗೆ ಮಡಿಕೆ ಇದ್ದೇ ಇತ್ತು. ಕೇಳಿದ್ದಕ್ಕೆ ಅವನು ನಕ್ಕ, ಮಕ್ಕಳ ಬಟ್ಟೆ ಮಡಿಸದೆ ಹೊಲಿಯಕ್ಕೆ ನಂಗೆ ಕೈ ಬರಲ್ಲ ಅಕ್ಕಾ.

ಎಷ್ಟು ಹೊತ್ತಾಯಿತು, ಕೌಂಟರಿನ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ, ಕಿಟಕಿಯಿಂದ ಬಂದ ಬಿಸಿಲು ಮೊಣಕಾಲ ಮೇಲೆ ಹಿತವಾಗಿ ಕೂತಿದೆ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ತಿಂದ ಬನ್ಸಿನ ಸಿಹಿ ಇನ್ನೂ ಬಾಯಲ್ಲಿದೆ, ಇವಳು ಎರಡು ತಿಂದು ಮೂರನೆಯದಕ್ಕೆ ಕೈ ಹಾಕಿದ್ದಳು, ಹೊಟ್ಟೆಬಾಕಿ ಅಂತ ಬೈಯುವುದರಲ್ಲಿ ಎಂಥ ಸುಖ — ಆದರೂ ಒಳಗೆ ಒಂದು ಕಡೆ ಚುಚ್ಚುತ್ತಲೇ ಇದೆ, ಕಳೆದ ಸಲ ಇದೇ ಬೆಂಚಿನಿಂದ ಎದ್ದು ಹೋಗಿದ್ದು, ನರ್ಸ್ ಮನೋರಮಾ ಕಾಗದ ನೋಡಿ ಗಂಭೀರ ಆಗಿದ್ದು, ವೈರಸ್ ಜಾಸ್ತಿ ಆಗಿದೆ ಸರೋಜಾ, ಮಾತ್ರೆ ತಪ್ಪಿಸಿದ್ರಾ — ಒಂದು ಹೊತ್ತೂ ತಪ್ಪಿಸಿಲ್ಲ ಸಿಸ್ಟರ್, ಇವಳ ಆಣೆ — ಮತ್ತೆ ಎಲ್ಲಿಡ್ತೀರಿ — ಒಲೆ ಮೇಲಿನ ಅಟ್ಟದಲ್ಲಿ. ಮತ್ತೆಲ್ಲಿಡಬೇಕು, ಉಪ್ಪು, ಬೆಂಕಿಪೊಟ್ಟಣ, ಹಪ್ಪಳ, ಬಿತ್ತನೆ ಬೀಜ, ಮಳೆಗಾಲದಲ್ಲಿ ಬೂಸಲು ಬರಬಾರದ್ದೆಲ್ಲ ಹೊಗೆ ತಾಗುವ ಅಲ್ಲೇ ಇರುವುದು, ಎಲ್ಲಕ್ಕಿಂತ ಜೋಪಾನವಾದದ್ದನ್ನು ಎಲ್ಲಕ್ಕಿಂತ ಬೆಚ್ಚಗಿನ ಮೂಲೆಯಲ್ಲಿ ಇಟ್ಟಿದ್ದಳು, ಬಟ್ಟೆಯಲ್ಲಿ ಸುತ್ತಿ. ಮನೋರಮಾ ಬೈಯಲಿಲ್ಲ, ನಮ್ಮ ತೀರ್ಥಹಳ್ಳಿ ಮನೇಲಿ ಅಮ್ಮ ಈಗಲೂ ಎಲ್ಲ ಅಲ್ಲೇ ಇಡೋದು, ಆದರೆ ಈ ಮಾತ್ರೆ ಬಿಸಿಗೆ ಕೆಡ್ತದೆ, ಬಂದ ಡಬ್ಬಿಯಲ್ಲೇ ಮುಚ್ಚಳ ಬಿಗಿ ಮಾಡಿ ತಣ್ಣಗಿರೋ ಕಡೆ ಇಡಿ, ಮುಂದಿನ ರಿಪೋರ್ಟಲ್ಲೂ ಇಳೀದೇ ಇದ್ರೆ ಈ ಔಷಧ ಬಿಡ್ಬೇಕಾಗ್ತದೆ, ಬೇರೇದು ಇಲ್ಲಿ ಸಿಗಲ್ಲ, ಮಕ್ಕಳಿಗೆ ಇರೋದೇ ಕೆಲವು ಔಷಧ. ಆವತ್ತು ಬಸ್ಸಿನಲ್ಲಿ ಮಗು ತೊಡೆಯ ಮೇಲೆ ನಿದ್ದೆ ಹೋಗಿತ್ತು, ತನ್ನ ಕೈಯಾರೆ, ಜೋಪಾನ ಮಾಡಿ ಮಾಡಿ, ಅಂತ ದಾರಿಯುದ್ದ ಅದೇ ಒಂದು ಮಾತು. ಈಗ ಡಬ್ಬಿ ದೇವರ ಗೂಡಿನಲ್ಲಿದೆ, ರಾತ್ರಿ ಊಟ ಆದ ಮೇಲೆ ದೇವರಿಗೆ ಕೈ ಮುಗಿಯುವುದೂ ಮಾತ್ರೆ ನುಂಗುವುದೂ ಒಟ್ಟಿಗೇ, ಅಕ್ಕಪಕ್ಕದವರು ಕೇಳಿದರೆ ರಕ್ತದ ಮಾತ್ರೆ, ಸುಳ್ಳೇನಲ್ಲ, ಭವ್ಯಾಗೆ ಹೇಳಿದ್ದು ರಕ್ತದಲ್ಲಿ ಒಂದು ಹುಳ ಇದೆ, ಮಾತ್ರೆ ತಗೊಂಡರೆ ಮಲಗಿರುತ್ತೆ ಅಂತ, ಪೂರ್ತಿ ಹೇಳುವ ಕಾಲಕ್ಕೆ ನಾವೆಲ್ಲ ಕೂತು ಹೇಳೋಣ ಅಂದಿದ್ದಾಳೆ ಮನೋರಮಾ — ಲಂಗ ಮಂಡಿಯಿಂದ ಮೇಲೆ ಹೋಗಿದೆ ಚಿಕ್ಕಿ, ಹುಡುಗಿಯರು ನಗ್ತಾರೆ, ಅಂದಾಗಲ್ಲವೇ ದಸರಾ ಕಳೆದ ಮೇಲೆ ಜಗಲಿಯಲ್ಲಿ ಕೂತು ಬ್ಲೇಡಿನಿಂದ ಮಾಸ್ತಪ್ಪನ ಹೊಲಿಗೆ ಬಿಚ್ಚಿದ್ದು, ಎರಡು ವರ್ಷ ಒಗೆಯುವಾಗೆಲ್ಲ ಕಂಡೂ ಕಾಣದ ಹಾಗೆ ಇದ್ದ ಮಡಿಕೆ ಕೆಳಗಿಳಿಯಿತು, ಬಿಸಿಲು ಕಾಣದ ಬಟ್ಟೆ, ಸರೋಜಳಿಗೆ ಅಳು ಬಂತು, ಜೊತೆಗೇ ನಗುವೂ.

ಭವ್ಯಾ, ಒಳಗೆ ಬಾ. ಚಪ್ಪಲಿ ಬಿಟ್ಟು ತಕ್ಕಡಿ ಹತ್ತಿದ್ದಾಳೆ, ಉಸಿರು ಕಟ್ಟಿ ನಿಂತಿದ್ದಾಳೆ, ಉಸಿರಿಗೂ ತೂಕ ಇದೆಯೇನೋ ಅನ್ನುವ ಹಾಗೆ, ಸರೋಜಳ ಕೈ ಸೆರಗಿನ ತುದಿಯನ್ನು ಸುತ್ತುತ್ತಿದೆ, ಮನೋರಮಾ ಮುಳ್ಳು ನೋಡುತ್ತಾಳೆ, ಕಾಗದ ನೋಡುತ್ತಾಳೆ, ಒಮ್ಮೆ ಮಾತಾಡಬಾರದೇ ಈ ಹೆಂಗಸು — ವೈರಸ್ ಇದೆಯೋ ಇಲ್ವೋ ಅಂತ ಮೆಷಿನ್ನಿಗೂ ಗೊತ್ತಾಗ್ತಿಲ್ಲ ಸರೋಜಾ, ಅಷ್ಟು ಕಡಿಮೆ ಆಗಿದೆ — ಏನು, ಇನ್ನೊಂದ್ಸಲ ಹೇಳಿ — ಇಳಿದಿದೆ ಮಾರಾಯ್ತಿ, ಇದೇ ಔಷಧ ಮುಂದುವರಿಸೋದು, ಆದರೆ ಚಿಕ್ಕ ಮಕ್ಕಳ ಮಾತ್ರೆ ಇನ್ನು ಇವಳಿಗೆ ಸಾಲಲ್ಲ, ತೂಕ ಏರಿದೆ, ಇವತ್ತಿಂದ ದೊಡ್ಡೋರ ಮಾತ್ರೆ. ಹುಳ ಮಲಗ್ತಾ ಸಿಸ್ಟರ್, ಭವ್ಯಾಳ ಪ್ರಶ್ನೆ. ಗೊರಕೆ ಹೊಡೀತಿದೆ, ನೀನು ಮಾತ್ರೆ ಬಿಟ್ರೆ ಎದ್ದು ಕೂರ್ತದೆ ನೋಡು. ಬಿಡಲ್ಲ, ನಂಗೆ ಕಬಡ್ಡಿ ಇದೆ. ಸರೋಜ ಆಗಲೇ ಚೀಲದಲ್ಲಿ ದುಡ್ಡು ಎಣಿಸುತ್ತಿದ್ದಾಳೆ, ದೊಡ್ಡೋರ ಮಾತ್ರೆಯಂತೆ ಅಕ್ಕಾ, ಬಸ್ಸಿಗೆ ಮೊದಲು ಬಟ್ಟೆ ಅಂಗಡಿಗೆ ಹೋಗಬೇಕು, ಮಾಸ್ತಪ್ಪನಿಗೆ ಹೇಳಬೇಕು, ಆರು ಬೆರಳು ಬಿಡು, ಅಲ್ಲ ಎಂಟು, ಎಷ್ಟು ಬಟ್ಟೆ ಇದೆಯೋ ಅಷ್ಟನ್ನೂ ಮಡಿಸು, ಅವನು ನಗುತ್ತಾನೆ, ನಗಲಿ — ಹುಡುಗಿ ಇನ್ನೂ ತಕ್ಕಡಿಯ ಮೇಲೇ ನಿಂತಿದ್ದಾಳೆ, ಇಳಿ ಅಂದರೂ ಇಳಿಯದೆ, ಅವಳ ಮಂಡಿ ಆಗಲೇ ಮತ್ತೆ ಇಣುಕುತ್ತಿದೆ, ಇನ್ನು ಬಿಚ್ಚುವುದಕ್ಕೆ ಒಳಗೆ ಏನೂ ಉಳಿದಿಲ್ಲ, ಮಂಡಿಯ ಮೇಲೆ ಆ ಪಟ್ಟಿ, ನಾಲ್ಕು ಬೆರಳಿನಷ್ಟು ಕಡುನೀಲಿ.