ಎತ್ತಿನ ಮಾನ

ಮುಂಬೈ ಸರ್ಕಾರ ಹೋಗಿ ಮೈಸೂರು ರಾಜ್ಯ ಬಂದಿತ್ತು. ಗದಗಿನ ಕೋರ್ಟಿನ ಮುರುಕು ಬೆಂಚಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಅದರ ಮೇಲೆ ಕೂತ ಸೊರಟೂರಿನ ಸಾವಂತ್ರೆವ್ವ, ಕಟಕಟೆಯಲ್ಲಿ ಊರುಗೋಲಿಗೆ ಆತು ನಿಂತ ಗಂಡ ಗಾಳೆಪ್ಪನನ್ನು ನುಂಗುವಂತೆ ನೋಡುತ್ತಿದ್ದಳು. ಹತ್ತಿ ಹೇರಿಕೊಂಡು ಪೇಟೆಗೆ ಹೊರಟ ಅವನ ಒಂಟೆತ್ತಿನ ಬಂಡಿಗೆ ಬೆಟಗೇರಿಯ ವ್ಯಾಪಾರಿಯೊಬ್ಬನ ಲಾರಿ ಎದುರಿನಿಂದ ಬಂದು ಗುದ್ದಿತ್ತು. ಗಾಳೆಪ್ಪನ ಬಲಗಾಲು ಹೋಯಿತು, ಅವನ ಎತ್ತು ಸಾರಂಗ ಅಲ್ಲೇ ಸತ್ತಿತು. ಅಂದಿನಿಂದ ಮನೆ ನಡೆಯುವುದು ಸಾವಂತ್ರೆವ್ವನ ಕೂಲಿಯಿಂದ. ದಾವೆ ಗೆದ್ದರೆ ಪರಿಹಾರ ಸಿಗುತ್ತದೆ, ಸೋತರೆ ಸಾಯುವ ತನಕ ಅವಳೊಬ್ಬಳೇ ದುಡಿಯಬೇಕು.

ಅವರ ವಕೀಲ ಜಯತೀರ್ಥರಾಯರು ಗಾಳೆಪ್ಪನಿಗೆ ಗಿಣಿಗೆ ಕಲಿಸಿದ ಹಾಗೆ ಒಂದೇ ಮಾತು ಕಲಿಸಿದ್ದರು. "ಎಚ್ಚರ ಇದ್ದೆ ಅನ್ನು. ಮತ್ತೇನೂ ಅನಬ್ಯಾಡ."

ಖರೆ ಹೇಳಬೇಕೆಂದರೆ ಅವನು ಮಲಗಿದ್ದ. ಪೇಟೆಯ ದಾರಿ ಹಿಡಿದ ಮೇಲೆ ಬಂಡಿಯವರೆಲ್ಲ ಮಲಗುವವರೇ. ದಾರಿ ಎತ್ತಿಗೆ ಗೊತ್ತಿರುತ್ತದೆ. ಇದು ಊರಿಗೆಲ್ಲ ಸರಿ, ಕೋರ್ಟಿಗೆ ಸರಿಯಲ್ಲ.

ಲಾರಿ ಮಾಲೀಕನ ವಕೀಲ ಪಾಟೀಸವಾಲಿಗೆ ಎದ್ದ.

"ಕುಡದಿದ್ದಿ ಹೌದಲ್ಲೋ?"

"ಇಲ್ರಿ. ಎಚ್ಚರಿದ್ದೆ."

"ಇದನ್ನ ನಿನ್ನ ಹೆಂಡ್ತಿ ಕಲಿಸಿಕೊಟ್ಟಾಳೇನು? ಊರಿಗೇ ಗೊತ್ತೈತಿ, ಅಕಿ ದೊಡ್ಡ ಬಜಾರಿ."

ಕೋರ್ಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾವಂತ್ರೆವ್ವನ ಮೈಯೆಲ್ಲ ಉರಿಯಿತು. ಗಾಳೆಪ್ಪ ತಲೆ ತಗ್ಗಿಸಿ, "ಎಚ್ಚರಿದ್ದೆರಿ" ಎಂದ.

"ಹಂಗಾರ ತಪ್ಪು ನಿನ್ನ ಎತ್ತಿಂದು. ದಾರಿ ಗೊತ್ತಿಲ್ಲದ ದಂಡಪಿಂಡ ದನ. ಬೆದರಿ ಲಾರಿಗೆ ಅಡ್ಡ ಹೋತು."

ಗಾಳೆಪ್ಪನ ತಲೆ ಮೇಲೆದ್ದಿತು.

"ಸಾರಂಗಗ ಹಂಗ ಅನಬ್ಯಾಡ್ರಿ. ನಾ ಮಕ್ಕೊಂಡಿದ್ರೂ ಅದು ಒಂದ ದಿನಾ ಬದಿ ಬಿಟ್ಟು ಹೋದದ್ದಲ್ಲ. ಅವತ್ತೂ ನಾ ಮಕ್ಕೊಂಡಿದ್ದೆ, ಅದು ತನ್ನ ಬದೀಲೇ ಹೊಂಟಿತ್ತು."

ಜಡ್ಜ್ ಸಾಹೇಬರು ಕಣ್ಣೆತ್ತಿ ನೋಡಿ ಬರೆದುಕೊಂಡರು. ಎದುರು ವಕೀಲ ನಗುತ್ತ ಕೂತ. ಜಯತೀರ್ಥರಾಯರು ಕಾಗದಗಳನ್ನು ಕಟ್ಟಿ, ಹೊರಗೆ ಬಂದ ಮೇಲೆ, "ಇಷ್ಟ ದಿನಾ ನಾ ಕಲ್ಲಿಗೆ ಪಾಠ ಹೇಳಿದೆ. ಇನ್ನ ನನ್ನ ಕಡೆ ಬರಬ್ಯಾಡ್ರಿ" ಎಂದು ನಡೆದುಬಿಟ್ಟರು.

ಸಾವಂತ್ರೆವ್ವ ಕೋರ್ಟಿನ ಮೆಟ್ಟಿಲ ಮೇಲೆ ಗಂಡನನ್ನು ತಡೆದು ನಿಲ್ಲಿಸಿದಳು. ಸಿಟ್ಟಿಗಿಂತ ಅವಮಾನ ಅವಳನ್ನು ಸುಡುತ್ತಿತ್ತು.

"ನನ್ನ ಬಜಾರಿ ಅಂದಾಗ ತೆಳಗ ನೋಡಿದಿ. ಎತ್ತಿಗೆ ಅಂದ್ರ ಬಾಯಿ ಬಂತೇನ ನಿನಗ?"

"ಅದಕ್ಕ ಮಾತಾಡಾಕ ಬರೂದಿಲ್ಲ" ಎಂದ ಗಾಳೆಪ್ಪ. "ನಿನಗ ಬರತೈತಿ."

ಅವಳು ಅವನ ಮುಖವನ್ನೇ ನೋಡಿದಳು. ಇಷ್ಟು ವರ್ಷ ಇವನ ಜೊತೆ ಬಾಳಿದ್ದು ಯಾಕೆ ಎಂದು ಅವಳಿಗೆ ತಿಳಿಯಲೇ ಇಲ್ಲ. ಇಳಿಯಲು ಆಸರೆ ಬೇಕೆಂದು ಅವನು ಕೈ ಚಾಚಿದ.

"ಹೌದು, ನನಗ ಬರತೈತಿ" ಎಂದಳು ಸಾವಂತ್ರೆವ್ವ. "ಅದಕ್ಕ ಹೇಳತೀನಿ ಕೇಳು. ನೀನ ಇಳಕೊಂಡ ಬಾ."

ಅವಳು ತಿರುಗಿ ನೋಡದೆ ಮೆಟ್ಟಿಲು ಇಳಿದು ಹೋದಳು.