ಏಳು ತೂತಿನ ಬಾವುಟ

ಬೇಟೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಹುಲ್ಲಿನ ಕೊಟ್ಟಿಗೆಯ ಮುಂದೆ ನಿಂತು ನಿಯಮ ಓದುವುದು ಧಣಿಯ ಕೆಲಸ. ಜೂಲಿಯನ್ ಥ್ರೇಲ್‌ಗೆ ಆ ಕೆಲಸವೆಂದರೆ ಪಂಚಪ್ರಾಣ. ಹೆಂಬ್ರೋ ಹಾಲ್ ಬಂಗಲೆಯನ್ನೂ ಅದರ ಸುತ್ತಲಿನ ಗುಡ್ಡ, ತೋಪು, ಹೊಲಗಳನ್ನೂ ಅವನು ಕೊಂಡು ಮೂರು ವರ್ಷವಾಗಿತ್ತು. ಅವನ ಟ್ವೀಡ್ ಕೋಟಿನಿಂದ ಅಂಗಡಿಯ ವಾಸನೆ ಮಾತ್ರ ಇನ್ನೂ ಹೋಗಿರಲಿಲ್ಲ.

"ನೆಲದ ಮೇಲೆ ಓಡೋದಕ್ಕೆ ಯಾರೂ ಹೊಡೀಬೇಡಿ. ಹಕ್ಕಿಯ ಹಿಂದೆ ಆಕಾಶ ಕಾಣ್ಬೇಕು, ಕಾಣದಿದ್ರೆ ಟ್ರಿಗರ್ ಮುಟ್ಟಬೇಡಿ. ಎರಡನೇ ಸಲ ಕೊಂಬು ಊದಿದ ಮೇಲೆ ಒಂದು ತೋಟೆಯೂ ಹಾರಬಾರದು. ತಲೆಮಟ್ಟಕ್ಕೆ ಹೊಡೆದವನು ಕೋವಿ ಚೀಲಕ್ಕೆ ಹಾಕ್ಕೊಂಡು ಸೀದಾ ಮನೆಗೆ!" ಇಲ್ಲಿ ಸ್ವಲ್ಪ ತಡೆದು, ಎಡಕ್ಕೂ ಬಲಕ್ಕೂ ನೋಡಿ, ಹಲ್ಲು ಕಿರಿದು, "ನಾನಾದರೂ ಸರಿ," ಎನ್ನುವನು.

ಅತಿಥಿಗಳು ಹೋ ಎಂದು ನಗುವರು. ಪ್ರತಿ ಶನಿವಾರ ಅದೇ ಮಾತು, ಅದೇ ನಗು. ಟ್ರ್ಯಾಕ್ಟರ್ ಪಕ್ಕದಲ್ಲಿ ಕೊರಳಿಗೆ ಕೊಂಬು ತೂಗುಹಾಕಿಕೊಂಡು ನಿಂತ ಹೆಸ್ಟರ್ ಬೀವನ್ ಮಾತ್ರ ನಗುತ್ತಿರಲಿಲ್ಲ. ಅವಳು ಆ ಎಸ್ಟೇಟಿನ ಕೀಪರ್. ಮರಿಯಿಂದ ಫೆಸೆಂಟ್ ಹಕ್ಕಿ ಸಾಕಿ, ನರಿಯಿಂದ ಕಾದು, ಬೇಟೆಯ ದಿನ ಅವನ್ನು ಕೋವಿಯವರ ತಲೆಯ ಮೇಲೆ ಎತ್ತರಕ್ಕೆ ಹಾರಿಸುವುದು ಅವಳ ಕೆಲಸ. ಅವಳಿಗೆ ಮುಂಚೆ ಅವಳ ಅಪ್ಪ ಜೋಬ್ ಬೀವನ್ ನಲವತ್ತು ವರ್ಷ ಅದನ್ನೇ ಮಾಡಿದ್ದ. ಆ ಕಾಲದ ಧಣಿ ಇದೇ ನಿಯಮ ಓದುವಾಗ ಯಾರೂ ಕಿಸಕ್ಕೆನ್ನುತ್ತಿರಲಿಲ್ಲ, ಏಕೆಂದರೆ ಜೋಬ್ ಇಬ್ಬರನ್ನು ನಿಜವಾಗಿಯೂ ಮನೆಗೆ ಕಳಿಸಿದ್ದ. ಅದರಲ್ಲೊಬ್ಬ ಆ ಧಣಿಯ ಸ್ವಂತ ತಮ್ಮ.

ಡಿಸೆಂಬರ್ ಮೊದಲ ಶನಿವಾರ ನಡೆದದ್ದು ಇಷ್ಟು. ಡಿಂಗಲ್ ತೋಪಿನ ಹೊರಗೆ ಕೋವಿಯವರು ನಿಲ್ಲಲು ಒಂದರಿಂದ ಎಂಟರವರೆಗೆ ಗೂಟ ನೆಟ್ಟಿದ್ದರು. ಚೀಟಿ ಎತ್ತಿದಾಗ ಥ್ರೇಲ್‌ಗೆ ಮೂರನೆಯ ಗೂಟ ಬಂದಿತ್ತು. ತೋಪಿನೊಳಗೆ ಹದಿನೈದು ಮಂದಿ ಸೋವುಗಾರರು ಸಾಲಾಗಿ, ಮರಕ್ಕೆ ಕೋಲು ತಟ್ಟುತ್ತಾ ಹಕ್ಕಿ ಎಬ್ಬಿಸಿಕೊಂಡು ಬರುತ್ತಿದ್ದರು. ತೋಪಿನ ಮೂಲೆಯಲ್ಲಿ ನೆಸ್ಟಾ ಗಫ್ ನಿಂತಿದ್ದಳು. ಊರಿನ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸಿ ನಿವೃತ್ತಳಾದ ಎಪ್ಪತ್ತೊಂದರ ಗಟ್ಟಿ ಹೆಂಗಸು. ಹಕ್ಕಿಗಳು ಪಕ್ಕಕ್ಕೆ ನುಸುಳದಂತೆ ಬಾವುಟ ಬೀಸಿ ತಿರುಗಿಸುವುದು ಅವಳ ಪಾಲಿನ ಕೆಲಸ. ಬಾವುಟವೆಂದರೆ ಮತ್ತೇನಲ್ಲ, ಕೋಲಿಗೆ ಮೊಳೆ ಹೊಡೆದ ಬಿಳಿ ಗೊಬ್ಬರದ ಚೀಲ.

ಆಗ ಎದ್ದಿತು ವುಡ್‌ಕಾಕ್. ತರಗೆಲೆಯ ಬಣ್ಣದ, ಉದ್ದ ಕೊಕ್ಕಿನ, ಪಾರಿವಾಳದಷ್ಟು ಹಕ್ಕಿ. ಅದು ಮೇಲೆ ಹಾರುವುದಿಲ್ಲ. ಮರಗಳ ನಡುವೆ ಅಂಕುಡೊಂಕಾಗಿ ಎದೆಮಟ್ಟದಲ್ಲೇ ಹಾರುತ್ತದೆ. ಅದನ್ನು ಹೊಡೆದವನು ಟೋಪಿಗೆ ಅದರ ಗರಿ ಸಿಕ್ಕಿಸಿಕೊಂಡು ವರ್ಷವೆಲ್ಲ ಬೀಗುತ್ತಾನೆ. ಅದಕ್ಕೇ "ವುಡ್‌ಕಾಕ್!" ಎಂಬ ಕೂಗು ಎದ್ದರೆ ಅನುಭವಸ್ಥ ಸೋವುಗಾರರು ಯಾವ ಮರ್ಯಾದೆಯನ್ನೂ ನೋಡದೆ ಕೆಸರಲ್ಲಿ ಬೋರಲು ಬೀಳುತ್ತಾರೆ.

ಕೂಗು ಎದ್ದಿತು. ಥ್ರೇಲ್‌ನ ಕೋವಿ ಹಕ್ಕಿಯ ಜೊತೆಯಲ್ಲೇ ತಿರುಗುತ್ತಾ ತಿರುಗುತ್ತಾ ತೋಪಿನ ಮೂಲೆಗೆ ಬಂದು, ಢಂ ಎಂದಿತು.

ಹೆಸ್ಟರಳ ಜೀವ ಬಾಯಿಗೆ ಬಂತು. ಉಸಿರು ಇರುವಷ್ಟೂ ಕೊಂಬು ಊದಿ, ಮುಳ್ಳುಪೊದೆ ಹರಿದುಕೊಂಡು ಓಡಿದಳು. ಮೂಲೆಯಲ್ಲಿ ನೆಸ್ಟಾ ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ ತೊಟ್ಟು ಕೆಸರಲ್ಲಿ ಕೂತಿದ್ದಳು.

"ಬೂಟು ಹೂತ್ಕೊಂಡಿತ್ತು ಕಣೇ ಹೆಸ್ಟರ್," ಎಂದಳು. "ಬಾವುಟ ನೆಟ್ಟು, ಕೀಳೋಣ ಅಂತ ಬಗ್ಗಿದೆ. ಅಷ್ಟರಲ್ಲಿ ಸುಯ್ ಅಂತು."

ಹೆಸ್ಟರ್ ಬಾವುಟವನ್ನು ಕಿತ್ತು ಆಕಾಶಕ್ಕೆ ಹಿಡಿದಳು. ಏಳು ತೂತು. ಏಳರಲ್ಲೂ ಬೆಳಕು ಕಾಣುತ್ತಿತ್ತು. ಏಳೂ ನೆಸ್ಟಾ ನೆಟ್ಟಗೆ ನಿಂತಿದ್ದರೆ ಅವಳ ಮುಖವಿರಬೇಕಾದ ಎತ್ತರದಲ್ಲೇ ಇದ್ದವು.

ಹೆಸ್ಟರ್ ಬಾವುಟ ಹಿಡಿದುಕೊಂಡೇ ಮೂರನೆಯ ಗೂಟಕ್ಕೆ ನಡೆದಳು. ಕೋವಿಯವರೆಲ್ಲ ಅಲ್ಲಿಗೆ ಬಂದು ಸೇರಿದ್ದರು.

"ಸಾರ್, ತೋಟೆ ತೆಗೀರಿ. ಕೋವಿ ಚೀಲಕ್ಕೆ ಹಾಕಿ."

"ಅಂಥದ್ದೇನಾಯ್ತು ಈಗ? ಯಾರಿಗೂ ತಾಗಿಲ್ವಲ್ಲ," ಎಂದ ಥ್ರೇಲ್. ಅವನ ಮುಖ ಬಿಳಚಿಕೊಂಡಿತ್ತು, ಆದರೂ ದನಿ ಮಾತ್ರ ಬಂಗಲೆಯದೇ.

"ಬೆಳಿಗ್ಗೆ ನೀವೇ ಓದಿದ್ರಲ್ಲ. ನಾನಾದರೂ ಸರಿ ಅಂದ್ರಿ."

"ಅದು ತಮಾಷೆಗೆ ಹೇಳೋ ಮಾತು, ಹೆಸ್ಟರ್."

"ನೆಸ್ಟಾ ನಗ್ತಿಲ್ಲ ಸಾರ್."

ಅತಿಥಿಗಳಲ್ಲಿ ಹಿರಿಯನಾದ ಆಬ್ರಿ ಲೇಕನ್ ಗಂಟಲು ಸರಿಮಾಡಿಕೊಂಡ. "ಹೋಗ್ಲಿ ಬಿಡಮ್ಮ. ವುಡ್‌ಕಾಕ್ ಎದ್ರೆ ಎಂಥವನಿಗೂ ತಲೆ ನಿಲ್ಲಲ್ಲ."

"ತಲೆ ನಿಲ್ಲದವರು ಮನೇಲಿರ್ಬೇಕು, ಮಿಸ್ಟರ್ ಲೇಕನ್. ಅದಕ್ಕೇ ನಿಯಮ ಇರೋದು."

ಥ್ರೇಲ್‌ಗೆ ಈಗ ಸಿಟ್ಟು ನೆತ್ತಿಗೇರಿತು. ತಾನು ಕರೆದ ಜನರೆದುರಿಗೆ, ತಾನು ಸಂಬಳ ಕೊಡುವ ಹೆಂಗಸು! "ಜಮೀನು ನಂದು, ಹಕ್ಕಿ ನಂದು. ನೀವು ನನ್ನ ಕೀಪರ್. ಸುಮ್ನೆ ಮುಂದಿನ ತೋಪಿಗೆ ನಡೀರಿ."

"ಜಮೀನು ನಿಮ್ಮದೇ, ಹಕ್ಕಿನೂ ನಿಮ್ಮದೇ ಅನ್ನಿ. ಕೊಂಬು ನಮ್ಮಪ್ಪಂದು," ಎಂದಳು ಹೆಸ್ಟರ್. ಬಿದ್ದ ಬೀಚ್ ಮರದ ದಿಮ್ಮಿಯ ಮೇಲೆ ಹೋಗಿ ಕೂತಳು. ಕೊಂಬನ್ನು ಮಡಿಲಲ್ಲಿಟ್ಟುಕೊಂಡಳು.

ಕೀಪರ್ ಕೊಂಬು ಊದದೆ ಸೋವು ಶುರುವಾಗುವುದಿಲ್ಲ. ಥ್ರೇಲ್ ಸೋವುಗಾರರ ಕಡೆ ತಿರುಗಿ ಕೂಗಿದ. ಅವರು ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು. ಯಾರೂ ಹೆಜ್ಜೆ ಎತ್ತಲಿಲ್ಲ. ನೆಸ್ಟಾ ಮೆಲ್ಲಗೆ ಫ್ಲಾಸ್ಕ್ ತೆಗೆದು ಚಹಾ ಬಗ್ಗಿಸಿಕೊಂಡಳು. ಅದನ್ನು ನೋಡಿ ಇನ್ನೊಬ್ಬ ಜೇಬಿನಿಂದ ಹಂದಿಮಾಂಸದ ಪೈ ತೆಗೆದ. ಐದು ನಿಮಿಷದಲ್ಲಿ ಹದಿನೈದು ಮಂದಿಯೂ ಬೇಲಿಯ ಪಕ್ಕ ಕೂತು, ಹನ್ನೊಂದು ಗಂಟೆಗೇ ಮಧ್ಯಾಹ್ನದ ಬುತ್ತಿ ಬಿಚ್ಚಿದ್ದರು.

ಅತ್ತ ಮುಂದಿನ ತೋಪಿನಿಂದ ಫೆಸೆಂಟ್‌ಗಳು ಒಂದೊಂದಾಗಿ ಹೊರಬಂದವು. ಅವಕ್ಕೇನು, ಎಬ್ಬಿಸುವವರು ಬರಲಿಲ್ಲವೆಂದರೆ ಕಾಲ್ನಡಿಗೆಯಲ್ಲೇ ಹೊರಟುಬಿಡುತ್ತವೆ. ಶಾಲೆ ಬಿಟ್ಟ ಮಕ್ಕಳ ಹಾಗೆ ಬೇಲಿಗುಂಟ ಸಾಲಾಗಿ ನಡೆದು, ಪಕ್ಕದ ಎಸ್ಟೇಟಿನವರ ಗೋಧಿ ಹೊಲಕ್ಕೆ ಇಳಿದವು. ಇನ್ನೂರು ಹಕ್ಕಿ ಕಣ್ಣೆದುರೇ ಹೋದವು. ಹೆಸ್ಟರ್ ಸಾಕಿದ ಹಕ್ಕಿಗಳೇ. ಅವಳಿಗೂ ಹೊಟ್ಟೆ ಉರಿಯಿತು. ಆದರೂ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅತಿಥಿಗಳ ಕಾರುಗಳು ಒಂದೊಂದಾಗಿ ಹೊರಟುಹೋದವು.

ಸೋಮವಾರ ಪತ್ರ ಬಂತು. ಶನಿವಾರ ಒಂಬತ್ತು ಗಂಟೆಯೊಳಗೆ ಲಿಖಿತ ಕ್ಷಮಾಪಣೆ ಕೊಟ್ಟರೆ ನಡೆದದ್ದನ್ನು ಮರೆಯಲಾಗುವುದು. ಕೊಡದಿದ್ದರೆ ಕೆಲಸವೂ ಇಲ್ಲ, ಕೆಲಸದ ಜೊತೆಗೆ ಬಂದ ಮನೆಯೂ ಇಲ್ಲ.

ಆ ಮನೆಯಲ್ಲೇ ಹೆಸ್ಟರ್ ಹುಟ್ಟಿದ್ದು. ಮದುವೆಯಾಗಿರಲಿಲ್ಲ, ಎರಡು ಸ್ಪೇನಿಯಲ್ ನಾಯಿ, ಹಿತ್ತಲಲ್ಲಿ ಅಪ್ಪ ನೆಟ್ಟ ರೂಬಾರ್ಬ್ ಗಿಡ, ಬಾಗಿಲಲ್ಲಿ ಅವನು ಬೂಟಿನ ಕೆಸರು ಕೆರೆಯುತ್ತಿದ್ದ ಕಬ್ಬಿಣ, ಇಷ್ಟೇ ಅವಳ ಸಂಸಾರ. ಐವತ್ತೆಂಟರ ಹೆಂಗಸನ್ನು ಇನ್ನಾವ ಎಸ್ಟೇಟಿನವರು ಕೀಪರ್ ಆಗಿ ಇಟ್ಟುಕೊಳ್ಳುತ್ತಾರೆ? ಮೂರು ದಿನ ಅವಳಿಗೆ ಅನ್ನ ನೀರು ಸೇರಲಿಲ್ಲ. ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಬೇಕು.

ಗುರುವಾರ ನೆಸ್ಟಾ ಒಂದು ಫ್ರೂಟ್ ಕೇಕ್ ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಕೂತವಳೇ ಕಾಗದ, ಪೆನ್ನು ಮುಂದೆ ತಳ್ಳಿದಳು.

"ಎರಡು ಸಾಲು ಗೀಚಿ ಬಿಸಾಕೇ. ತಪ್ಪಾಯ್ತು ಅಂತ ಬರೆದ್ರೆ ಕೈ ಸವೆದು ಹೋಗುತ್ತಾ?"

"ತಪ್ಪು ನಂದಲ್ಲ."

"ಅಯ್ಯೋ, ಗೊತ್ತಿಲ್ವಾ ನಂಗೆ? ನಾನು ಸತ್ತಿದ್ರೆ ನೀನು ಎಷ್ಟು ಹಾರಾಡಿದ್ರೂ ಚೆಂದ. ಕಲ್ಲುಗುಂಡಿನ ಹಾಗೆ ಬದುಕಿದ್ದೀನಲ್ಲೇ! ನನ್ನ ತಲೆಗೋಸ್ಕರ ನಿನ್ನ ತಲೆ ಮೇಲಿನ ಸೂರು ಯಾಕೆ ಕಳ್ಕೋತೀಯ? ನನ್ನ ತಲೆಗೆ ಅಷ್ಟೊಂದು ಬೆಲೆ ಇಲ್ಲ, ನನ್ನ ಗಂಡನ್ನ ಕೇಳು ಬೇಕಾದ್ರೆ."

ಹೆಸ್ಟರ್‌ಗೂ ನಗು ಬಂತು. ಪೆನ್ನು ತೆಗೆದುಕೊಂಡಳು. 'ಮಾನ್ಯರೇ' ಎಂದು ಬರೆದೂಬಿಟ್ಟಳು. ನಾಯಿಗಳು ಒಲೆಯ ಮುಂದೆ ನಿದ್ದೆ ಹೊಡೆಯುತ್ತಿದ್ದವು. ಇನ್ನೆರಡೇ ಸಾಲು, ಆಮೇಲೆ ಎಲ್ಲ ಮೊದಲಿನ ಹಾಗೆ ಎನಿಸಿತು.

ಆಗ ಹೊರಗೆ ಢಂ ಎಂದಿತು. ಏನೂ ಅಲ್ಲ, ಪಕ್ಕದ ಸಾಸಿವೆ ಹೊಲದಲ್ಲಿ ಪಾರಿವಾಳ ಓಡಿಸಲು ಇಟ್ಟ ಗ್ಯಾಸಿನ ಫಿರಂಗಿ. ಚಳಿಗಾಲವೆಲ್ಲ ಅದು ಇಪ್ಪತ್ತು ನಿಮಿಷಕ್ಕೊಮ್ಮೆ ಢಂ ಎನ್ನುತ್ತದೆ. ಊರಿನ ಬೆಕ್ಕು ಕೂಡ ಕಿವಿ ಅಲ್ಲಾಡಿಸುವುದಿಲ್ಲ. ಆದರೆ ನೆಸ್ಟಾಳ ಕೈಯಿಂದ ಚಹಾದ ಕಪ್ಪು ಜಾರಿ ನೆಲಕ್ಕೆ ಬಿದ್ದು ಚೂರಾಯಿತು. ಅವಳು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮೇಜಿನ ಕೆಳಕ್ಕೆ ಬಗ್ಗಿದ್ದಳು.

ನೆಸ್ಟಾ ಅಲ್ಲಿಂದಲೇ ಚೂರುಗಳನ್ನು ಆಯತೊಡಗಿದಳು.

"ಒಳ್ಳೇ ಕಪ್ಪು ಹಾಳಾಯ್ತು," ಎಂದಳು. "ಶನಿವಾರದಿಂದ ಹೀಗೇ. ಯಾರಿಗೂ ಹೇಳ್ಬೇಡ ಕಣೇ."

ಹೆಸ್ಟರ್ ಎದ್ದಳು. 'ಮಾನ್ಯರೇ' ಎಂದು ಬರೆದ ಕಾಗದವನ್ನು ಮುದುಡಿ ಒಲೆಗೆ ಹಾಕಿದಳು. ಥ್ರೇಲ್‌ನ ಪತ್ರವನ್ನೂ ಅದರ ಹಿಂದೆಯೇ ಹಾಕಿದಳು.

"ನಿನ್ನ ಬಾವುಟ ನನ್ನ ಹತ್ರಾನೇ ಇರ್ಲಿ," ಎಂದಳು. "ಈಗ ಗೋಡೆಗೊರಗಿ ನೆಟ್ಟಗೆ ನಿಂತ್ಕೋ. ಎಷ್ಟೆತ್ತರ ಇದ್ದೀಯ ನೋಡ್ಬೇಕು."

ಶನಿವಾರ ಬೆಳಿಗ್ಗೆ ಮಂಜು ಹೆಪ್ಪುಗಟ್ಟಿತ್ತು. ಹುಲ್ಲಿನ ಕೊಟ್ಟಿಗೆಗೆ ಆಚೆಗೂ ಈಚೆಗೂ ಬಾಗಿಲು, ಎರಡೂ ಹಾರುಹೊಡೆದಿದ್ದವು. ಮುಂದಿನ ಬಾಗಿಲ ತೊಲೆಗೆ ಹೆಸ್ಟರ್ ಬಿಳಿ ಚೀಲವನ್ನು ಮೊಳೆ ಹೊಡೆದು ಇಳಿಬಿಟ್ಟಿದ್ದಳು, ತೂತುಗಳು ಸರಿಯಾಗಿ ನೆಸ್ಟಾಳ ಮುಖದ ಎತ್ತರಕ್ಕೆ ಬರುವಂತೆ. ಆಚೆ ಬಾಗಿಲಿನ ಬೆಳಕು ಏಳು ತೂತಿನಲ್ಲೂ ತೂರಿ ಬರುತ್ತಿತ್ತು.

ಥ್ರೇಲ್ ಬಂದವನು ಅದನ್ನು ನೋಡಿ ನಿಂತ. ಅತಿಥಿಗಳು ಆಗಲೇ ಸೇರಿದ್ದರು. ಅವನು ಹೆಸ್ಟರಳ ಬಳಿಗೆ ಬಂದು ದನಿ ತಗ್ಗಿಸಿ, "ಪತ್ರ ತಂದ್ರಾ?" ಎಂದ.

"ತಂದಿದ್ದೀನಿ ಸಾರ್. ಬಾಗಿಲಿಗೆ ಹೊಡೆದಿದ್ದೀನಿ, ಓದ್ಕೊಳ್ಳಿ."

"ಇದರ ಪರಿಣಾಮ ಏನು ಅಂತ ಗೊತ್ತು ತಾನೇ?"

"ಗೊತ್ತು. ಸಾಮಾನು ಅರ್ಧ ಕಟ್ಟಿದ್ದೂ ಆಯ್ತು. ನೀವು ನಿಯಮ ಓದಿ ಸಾರ್, ಹೊತ್ತಾಗುತ್ತೆ."

ಓದದೆ ಬೇಟೆ ಶುರುವಾಗುವಂತಿಲ್ಲ. ಅವನು ಪ್ರತಿವಾರ ನಿಲ್ಲುವ ಜಾಗಕ್ಕೇ ಹೋಗಿ ನಿಂತ. ಏಳು ತೂತುಗಳು ಅವನ ಕೊರಳಿನ ಪಕ್ಕಕ್ಕೆ ಬಂದವು. ಚೀಟಿ ತೆಗೆದು ಓದತೊಡಗಿದ. ನೆಲದ ಮೇಲೆ ಓಡುವುದಕ್ಕೆ ಹೊಡೆಯಬೇಡಿ. ಹಕ್ಕಿಯ ಹಿಂದೆ ಆಕಾಶ ಕಾಣಬೇಕು. ಯಾರೂ ಅವನ ಮುಖ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಚೀಲದ ಮೇಲೆ. ಸೋವುಗಾರರ ಸಾಲಿನ ಕೊನೆಯಲ್ಲಿ ನಿಂತಿದ್ದ ನೆಸ್ಟಾ ಮಾತ್ರ ಅವನನ್ನೇ ನೋಡುತ್ತಿದ್ದಳು. ಅವನೂ ಅವಳನ್ನು ನೋಡಿದ. ಮೂರು ವರ್ಷದಲ್ಲಿ ಅವಳನ್ನು ಅವನು ಸರಿಯಾಗಿ ನೋಡಿದ್ದು ಅದೇ ಮೊದಲು.

"ತಲೆಮಟ್ಟಕ್ಕೆ ಹೊಡೆದವನು," ಎಂದವನು ನಿಂತುಬಿಟ್ಟ. ಆಬ್ರಿ ಲೇಕನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಥ್ರೇಲ್ ಚೀಟಿಯನ್ನು ಮಡಿಸಿ ಜೇಬಿಗಿಟ್ಟ. ಕೋವಿಯನ್ನು ನಡುವೆ ಮಡಿಸಿ ತೆರೆದು, ನಳಿಕೆ ಖಾಲಿಯಿದೆಯೆಂದು ಎಲ್ಲರಿಗೂ ತೋರಿಸಿ, ಚೀಲಕ್ಕೆ ಹಾಕಿ ಲೇಕನ್‌ನ ಕೈಗೆ ಕೊಟ್ಟ.

"ನಾನಾದರೂ ಸರಿ," ಎಂದ.

ಯಾರೂ ನಗಲಿಲ್ಲ.

ಅವನು ಬಂಗಲೆಯ ಕಡೆ ನಾಲ್ಕು ಹೆಜ್ಜೆ ನಡೆದು, ನಿಂತು, ತಿರುಗಿ ಹೆಸ್ಟರಳ ಬಳಿಗೆ ಬಂದ. "ಸೋವುಗಾರರಿಗೆ ಒಂದಾಳು ಹೆಚ್ಚಾದ್ರೆ ತೊಂದರೆಯಿಲ್ಲ ತಾನೇ? ನನಗೂ ಒಂದು ಬಾವುಟ ಕೊಡಿ."

ಟ್ರ್ಯಾಕ್ಟರಿನ ಗಾಡಿಯಲ್ಲಿ ಹತ್ತು ಬಾವುಟಗಳು ಬಿದ್ದಿದ್ದವು. ಎಲ್ಲರ ಕಣ್ಣಿಗೂ ಕಾಣುತ್ತಿದ್ದವು. ಹೆಸ್ಟರ್ ತೊಲೆಯ ಬಳಿಗೆ ಹೋಗಿ ಮೊಳೆ ಕಿತ್ತು, ಏಳು ತೂತಿನ ಚೀಲವನ್ನು ಕೋಲಿಗೆ ಕಟ್ಟಿ ಅವನ ಕೈಗಿತ್ತಳು.

"ಇದೊಂದೇ ಇರೋದು ಸಾರ್."

ಅವನು ಗಾಡಿಯ ಕಡೆ ನೋಡಿದ, ಅವಳ ಕಡೆ ನೋಡಿದ, ತೆಗೆದುಕೊಂಡ. "ಎಲ್ಲಿ ನಿಲ್ಲಲಿ?"

"ಡಿಂಗಲ್ ಮೂಲೆ. ನೆಸ್ಟಾ ನಿಂತಿದ್ದಲ್ಲೇ."

"ಅಲ್ಲಿ ಬೂಟು ಹೂತ್ಕೊಳುತ್ತೆ ಸಾರ್," ಎಂದಳು ನೆಸ್ಟಾ. "ಹೂತ್ಕೊಳ್ಳಲಿ ಬಿಡಿ, ಒಳ್ಳೇದೇ."

ಪತ್ರದ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಹೆಸ್ಟರ್ ನೆಸ್ಟಾಳನ್ನು ಕೋವಿಗಳಿಂದ ದೂರ, ತೋಪಿನ ಹಿಂಬದಿಯಲ್ಲಿ ತನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡಳು. ಕೊಂಬು ಊದಿದಳು. ಕೋಲುಗಳು ಮರಕ್ಕೆ ತಟ್ಟತೊಡಗಿದವು. ಮೊದಲ ಹಕ್ಕಿ ಎದ್ದು, ಮೊದಲ ಈಡು ಢಂ ಎಂದಾಗ ನೆಸ್ಟಾ ಹೆಸ್ಟರಳ ತೋಳನ್ನು ಗಟ್ಟಿಯಾಗಿ ಹಿಡಿದಳು. ಅದೇ ಕ್ಷಣ ದೂರದ ಮೂಲೆಯಲ್ಲಿ ಬಿಳಿ ಬಾವುಟ ಗಕ್ಕನೆ ಕೆಳಕ್ಕಿಳಿದು ಮಾಯವಾಯಿತು.

ಇಬ್ಬರೂ ಕಾದರು. ಬಾವುಟ ಮೆಲ್ಲಗೆ ಮತ್ತೆ ಮೇಲೆ ಬಂತು.

"ಈಗ ಗೊತ್ತಾಯ್ತು ನೋಡು," ಎಂದಳು ನೆಸ್ಟಾ, ತೋಳು ಬಿಟ್ಟು.

"ಇನ್ನೂ ಐದು ಸೋವು ಬಾಕಿ ಇದೆ," ಎಂದಳು ಹೆಸ್ಟರ್, "ಚೆನ್ನಾಗಿ ಗೊತ್ತಾಗ್ಲಿ." ನಾಯಿಗಳಿಗೆ ಸಿಳ್ಳೆ ಹಾಕಿ ಮುಂದೆ ನಡೆದಳು.